ಹದಿಮೂರೂ ಚಿಲ್ಲರೆ

ಇಕೀಕೆಯ ಬಂದರಿನಲ್ಲಿ, ಕಡಲ ಮಟ್ಟದಲ್ಲಿ,
ಚೆನ್ನಾಗಿ ಹಾರುತ್ತಿತ್ತಂತೆ. ಮಾರಿದವ ಆಣೆಯಿಟ್ಟು ಹೇಳಿದ.
ಪೆಟ್ಟಿಗೆಯ ತಳದಲ್ಲೊಂದು ಚೀಟಿ, ಪೆನ್ಸಿಲ್ಲಿನ ಅಕ್ಷರ:
‘ಪಿನಿಯನ್ ಹನ್ನೊಂದು ಹಲ್ಲು. ಬದಲಿಸಬೇಡಿ.’

ಬದಲಿಸಲಿಲ್ಲ. ಎಲ್ ಆಲ್ತೊದ ಬಯಲಿಗೆ ತಂದು,
ನಾಲ್ಕು ಸಾವಿರ ಮೀಟರಿನ ಮೇಲೆ, ಕಡ್ಡಿ ಒತ್ತಿದೆ.
ಗಿರ್ರೆಂದಿತು, ಧೂಳೆಬ್ಬಿಸಿತು, ನಾಯಿಯನ್ನು ಹೆದರಿಸಿತು,
ಮೊಣಕಾಲೆತ್ತರಕ್ಕೆ ಎದ್ದು
ನಮ್ಮ ಅತ್ತೆ ಬಸ್ಸಿನ ಮೆಟ್ಟಿಲಲ್ಲಿ ನಿಲ್ಲುವ ಹಾಗೆ
ಒಂದು ಗಳಿಗೆ ನಿಂತು
ಉಸ್ಸೆಂದು ಕೂತಿತು.

ಇಪ್ಪತ್ತೊಂದು ವರ್ಷದಿಂದ ಮಿನಿಬಸ್ಸು ಓಡಿಸುತ್ತೇನೆ,
ಲಾ ಪಾಸಿನ ಬಟ್ಟಲ ತಳದಿಂದ ಸೇಹಾದ ಅಂಚಿಗೆ.
ಏರು ಬಂದರೆ ಗೇರು ಇಳಿಸು,
ಇದು ನಿದ್ದೆಯಲ್ಲೂ ನನ್ನ ಕೈಗೆ ಗೊತ್ತು.
ಇದಕ್ಕೋ ಎಲ್ಲ ತಿರುಗುಮುರುಗು:
ಎತ್ತರಕ್ಕೆ ಬಂದೆಯೋ, ಪಿನಿಯನ್ನಿಗೆ ಹಲ್ಲು ಹೆಚ್ಚಿಸು.
ಚಕ್ರಕ್ಕಾದರೆ ಕಚ್ಚಲು ರಸ್ತೆಯಿದೆ.
ರೆಕ್ಕೆಗೆ ಸಿಕ್ಕುವ ಗಾಳಿಯೇ ಇಲ್ಲಿ ತೆಳು,
ಮೂರನೇ ಸಲ ಕುದಿಸಿದ ಕೋಕಾ ಎಲೆಯ ನೀರು.

ನನ್ನ ಮಗಳು ವಾರಾ, ಶನಿವಾರ ಬಸ್ಸಿನ ಬಾಗಿಲಿಗೆ ಜೋತುಬಿದ್ದು
‘ಸೇಹಾ, ಸೇಹಾ’ ಎಂದು ಕೂಗುವವಳು,
ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಬರೆದಳು.
ಇಲ್ಲಿಯ ಗಾಳಿ ಅಲ್ಲಿಯದರ ಮೂರರಲ್ಲಿ ಎರಡು ಪಾಲು.
ಎತ್ತುವ ಬಲ ಸುತ್ತಿನ ವರ್ಗದಂತೆ, ಸರಿ, ವರ್ಗಮೂಲ ತೆಗಿ.
ಅಲ್ಲಿ ನಿಮಿಷಕ್ಕೆ ಸಾವಿರದ ಒಂಬೈನೂರು ಸುತ್ತು ಸಾಕಿತ್ತು,
ಇಲ್ಲಿ ಎರಡು ಸಾವಿರದ ಮುನ್ನೂರು ಬೇಕು.
ದೊಡ್ಡ ಗೇರಿಗೆ ನೂರಿಪ್ಪತ್ತೊಂದು ಹಲ್ಲು, ಅದು ಇದ್ದ ಹಾಗೇ ಇರಲಿ.
ಸಣ್ಣದಕ್ಕೆ...
ಪೆನ್ಸಿಲು ಕಚ್ಚಿಕೊಂಡೇ ತಲೆಯೆತ್ತಿದಳು:
‘ಹದಿಮೂರೂ ಚಿಲ್ಲರೆ, ಅಪ್ಪಾ.’

ಚಿಲ್ಲರೆ!
ಚಿಲ್ಲರೆಯ ಜಗಳದಲ್ಲೇ ಅರ್ಧ ಆಯುಷ್ಯ ಕಳೆದವನು ನಾನು.
ಇಳಿಯುವವರು ಐವತ್ತು ಸೆಂಟಾವೊ ಬಾಕಿ ಕೇಳಿದರೆ
ಮಿಠಾಯಿ ಕೊಟ್ಟು ಸಾಗಹಾಕಬಹುದು.
ಹಲ್ಲಿನ ಚಿಲ್ಲರೆಗೆ ಏನು ಕೊಡಲಿ?
ಉಕ್ಕಿನಲ್ಲಿ ಅರೆಹಲ್ಲು ಹುಟ್ಟುವುದಿಲ್ಲ.

ಗುರುವಾರದ ಸಂತೆಯಲ್ಲಿ, ಹೊಲಿಗೆಯಂತ್ರದ ಬಿಡಿಭಾಗಗಳ ಪಕ್ಕ,
ಸಾರ್ಡೀನ್ ಡಬ್ಬಿಯ ತುಂಬ ಪಿನಿಯನ್ನು ಇಟ್ಟುಕೊಂಡ ಮುದುಕಿ
‘ನಾನು ಹಲ್ಲು ಎಣಿಸಿ ಕೊಡೋದಿಲ್ಲ’ ಎಂದಳು.
ಐದು ಮಿಲಿಮೀಟರಿನ ತೂತು ನೋಡಿ ನೋಡಿ
ಹದಿಮೂರಿನದೊಂದು, ಹದಿನಾಲ್ಕರದೊಂದು ಆರಿಸಿಕೊಂಡೆ.

ಮೊದಲು ಹದಿನಾಲ್ಕು. ಮೇಲಕ್ಕೆ ಮುಗಿಸುವುದು
ನಮ್ಮ ವೃತ್ತಿಯವರ ಅಭ್ಯಾಸ.
ಮೂರು ನಿಮಿಷ ಹಾರಿತು. ಏನು ಹಾರಿತು!
ತಂತಿಗಳ ಮೇಲೆ, ಇಟ್ಟಿಗೆಯ ಅರೆಗೋಡೆಗಳ ಮೇಲೆ,
ಇಯಿಮಾನಿಯ ಹಿಮಕ್ಕೆ ಬೆನ್ನು ಕೊಟ್ಟು.
ಇಳಿಸಿ ಮೋಟಾರಿಗೆ ಬೆರಳು ತಾಗಿಸಿದರೆ ಚುರ್!
ಎತ್ತಲು ಗಾಳಿ ಸಾಲದ ಕಡೆ ತಣಿಸಲೂ ಸಾಲದು,
ಅದೊಂದು ಲೆಕ್ಕ ಕ್ಯಾಲೆಂಡರಿನಲ್ಲಿ ಇರಲಿಲ್ಲ.
ಸುಟ್ಟ ವಾರ್ನಿಷಿನ ವಾಸನೆ ಮಫ್ಲರಿನಲ್ಲಿ ರಾತ್ರಿಯವರೆಗೂ ಉಳಿಯಿತು.

ಅಡುಗೆಮನೆಯ ಮೇಜು. ಹೆನೋವೇವಾ
ಚುನ್ಯೋ ನೆನೆಸಿದ ಬಟ್ಟಲನ್ನು ಗೊಣಗುತ್ತ ಸರಿಸಿಕೊಂಡಳು.
ತಿರುಪು ಸಡಿಲಿಸಿ, ಹದಿನಾಲ್ಕನ್ನು ಕಿತ್ತು,
ಹದಿಮೂರನ್ನು ತೂರಿಸಿದೆ.
‘ಉಳಿದ ಚಿಲ್ಲರೆಯನ್ನು ರೆಕ್ಕೆಯ ಓರೆಯಲ್ಲಿ ಕೊಡೋಣ,’
ಎಂದಳು ವಾರಾ. ‘ಅರ್ಧ ಡಿಗ್ರಿ ಸಾಕು. ಪಲ್ಟಿಗಿಲ್ಟಿ ಬೇಡ.’
ಇಷ್ಟು ಸಲೀಸಾಗಿ ಯಾರೂ ನನಗೆ ಬಾಕಿ ತೀರಿಸಿದ್ದಿಲ್ಲ.

ಹಲ್ಲಿಗೂ ಹಲ್ಲಿಗೂ ನಡುವೆ ಒಂದು ಕಾಗದದಷ್ಟು ಸಂದು ಬೇಕು.
ಬಿಗಿಯಾದರೆ ಅರಚುತ್ತವೆ,
ಸಡಿಲವಾದರೆ ಒಂದನ್ನೊಂದು ತಿಂದು ಬೋಳಾಗುತ್ತವೆ.
ಕೈಗೆ ಸಿಕ್ಕಿದ್ದು ಇಕೀಕೆಯ ಚೀಟಿ.
ಅವನೇನೂ ಸುಳ್ಳು ಬರೆದಿರಲಿಲ್ಲ, ಪಾಪ.
ನಡುವೆ ಸಿಕ್ಕಿಸಿ, ಮೋಟಾರು ಒತ್ತಿ ಹಿಡಿದು, ತಿರುಪು ಬಿಗಿದು
ದೊಡ್ಡ ಗೇರನ್ನು ಮೆಲ್ಲಗೆ ತಿರುವಿದೆ.
‘ಬದಲಿಸಬೇಡಿ’ ಆ ಕಡೆಯಿಂದ ಹೊರಬಂತು,
ಅಂಕುಡೊಂಕಾಗಿ ಮಡಿಚಿಕೊಂಡು, ಎಲ್ಲೂ ಹರಿಯದೆ.
ವಾರಾ ಅದನ್ನು ದೀಪಕ್ಕೆ ಹಿಡಿದು ಗೆರೆ ಎಣಿಸತೊಡಗಿದಳು.
‘ನೆಮೆಸಿಯೋ,’ ಎಂದಳು ಹೆನೋವೇವಾ, ‘ಮೇಜು ಖಾಲಿ ಮಾಡು.’